ಎತ್ತಿಗಿಂತ ಮೊದಲು ಹೊಲ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿಟ್ಟು ಹೋದರು. ಅವರ ಕಾಲದಲ್ಲಿ ಹಂದರ ಬಿಚ್ಚಿದ ದಿನವೇ ಮದುವೆ ಮುಗಿದುಹೋಗುತ್ತಿತ್ತು. ಇಂದು ಹಾಗಲ್ಲ. ಹಂದರದ ಕಂಬಗಳನ್ನು ಕಿತ್ತು, ಬಾಡಿಗೆಯ ಪಾತ್ರೆಗಳನ್ನು ಎಣಿಸಿ ಒಪ್ಪಿಸಿ, ಬೀಗರು ತಮ್ಮ ಊರಿಗೆ ತೆರಳಿದ ಮೇಲೂ ಮದುವೆ ಇನ್ನೊಂದು ಕಡೆ ನಡೆಯುತ್ತಲೇ ಇರುತ್ತದೆ. ಅದು ವೀಡಿಯೋದವನ ಪುಟ್ಟ ಕೋಣೆ. ಅಲ್ಲಿ ಮದುಮಗಳಿಗೆ ಇನ್ನೂ ಅರಿಸಿನ ಹಚ್ಚುತ್ತಿರುತ್ತಾರೆ. ಮುತ್ತೈದೆಯರು ಇನ್ನೂ ಸುರಗಿ ಸುತ್ತುತ್ತಿರುತ್ತಾರೆ. ವಧೂವರರ ತಲೆಯ ಮೇಲೆ ಎರಚಿದ ಅಕ್ಕಿಕಾಳುಗಳು ಕೆಳಗೆ ಬೀಳದೆ ನಡುಗಾಳಿಯಲ್ಲಿ ನಿಂತುಬಿಟ್ಟಿರುತ್ತವೆ. ಯಂತ್ರ ಮನಸ್ಸು ಮಾಡಿದರೆ ಅವು ಬೀಳುತ್ತವೆ. ಯಂತ್ರ ಮುನಿದರೆ ಮೂರು ತಿಂಗಳಾದರೂ ಆ ಮಂಗಲಾಕ್ಷತೆಗೆ ಭೂಸ್ಪರ್ಶದ ಯೋಗವಿಲ್ಲ.

ಈ ಕೆಲಸವನ್ನು ಗ್ರಂಥಭಾಷೆಯಲ್ಲಿ ಸಂಕಲನವೆನ್ನುತ್ತಾರೆ. ಮದುವೆಯ ಮನೆಯವರು ‘ಮಿಕ್ಸಿಂಗ್’ ಎನ್ನುತ್ತಾರೆ. ಹತ್ತು ಗಂಟೆಯ ಗದ್ದಲವನ್ನು ಎರಡು ಗಂಟೆಯ ಸಂಭ್ರಮವಾಗಿ ಇಳಿಸುವ, ಹಿತವಾದ ಹಾಡು ಕೂಡಿಸುವ, ಊಟದ ಪಂಕ್ತಿಯಲ್ಲಿ ಮುನಿದು ಎದ್ದ ಭಾವಮೈದುನನ ಮುಖವನ್ನು ಜಾಣತನದಿಂದ ಕೈಬಿಡುವ ಈ ವಿದ್ಯೆಗೆ ಯಾವ ಹೆಸರಿಟ್ಟರೂ ಸಲ್ಲುತ್ತದೆ. ಆದರೆ ಈ ವಿದ್ಯೆಗೆ ಬೇಕಾದ ಗಣಕಯಂತ್ರವನ್ನು ಆರಿಸುವ ಪ್ರಸಂಗ ಬಂದಾಗ ಕಸಬಿನಲ್ಲಿ ಪಳಗಿದ ಜಾಣರೂ ದಿಕ್ಕುಗೆಡುತ್ತಾರೆ. ಯಂತ್ರ ಯಾವುದು, ಅದರೊಳಗಿದ್ದು ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ ಯಾವುದು, ಅದರ ಮೇಲೆ ಓಡುವ ಸಂಕಲನದ ತಂತ್ರಾಂಶ ಯಾವುದು ಎಂಬ ಮೂರು ಪ್ರಶ್ನೆಗಳು ಒಂದರ ಕೊರಳಿಗೆ ಒಂದು ಜೋತುಬಿದ್ದಿರುವುದೇ ಇದಕ್ಕೆ ಕಾರಣ.

ರಾಯಚೂರು ಜಿಲ್ಲೆಯ ಸಂತೆಕಲ್ಲೂರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಸುತ್ತಿನಲ್ಲಿ ಮಸ್ಕಿ, ಲಿಂಗಸುಗೂರು. ಆಚೆಗೆ ತುಂಗಭದ್ರೆಯ ಕಾಲುವೆಯಿಂದ ಬತ್ತದ ಸೀಮೆಯಾಗಿ ಮಾರ್ಪಟ್ಟ ಸಿಂಧನೂರು. 19ನೆಯ ಶತಮಾನದಲ್ಲಿ ಈ ಊರಿನ ಘನಮಠದ ನಾಗಭೂಷಣ ಶಿವಯೋಗಿಗಳು ‘ಕೃಷಿಜ್ಞಾನ ಪ್ರದೀಪಿಕೆ’ ಎಂಬ ಗ್ರಂಥವನ್ನು ರಚಿಸಿ, ಒಕ್ಕಲುತನವನ್ನೂ ಶಾಸ್ತ್ರಗಳ ಪಂಕ್ತಿಯಲ್ಲಿ ಕೂರಿಸಿದರು. ಯೋಗಿಯೊಬ್ಬರು ಬೇಸಾಯವನ್ನು ಕುರಿತು ಗ್ರಂಥ ಬರೆದ ನೆಲದಲ್ಲಿ, ಸಾಧನವನ್ನು ಕೊಳ್ಳುವ ಮುನ್ನ ಕೆಲಸವನ್ನು ಅರಿಯಬೇಕೆಂಬ ಮಾತು ಹೊಸತಾಗಲಾರದು.

ಇಂಥ ಊರಿನಲ್ಲಿ ಒಬ್ಬ ತರುಣ ಸ್ಟುಡಿಯೋ ಇಟ್ಟಿದ್ದಾನೆಂದು ಭಾವಿಸಬೇಕು. ಅವನ ಹೆಸರು ಯಾವುದಾದರೂ ಆಗಬಹುದು. ಅಂಥವನು ಪ್ರತಿಯೊಂದು ಹೋಬಳಿಯಲ್ಲಿಯೂ ಇದ್ದಾನೆ. ಅವನ ಬಳಿ ಇರುವ ಗಣಕಯಂತ್ರ 2014ರಲ್ಲಿ ಕೊಂಡದ್ದು. ಅದರ ಮಿದುಳು ಇಂಟೆಲ್ ಸಂಸ್ಥೆಯ ನಾಲ್ಕನೆಯ ಪೀಳಿಗೆಯ ಪ್ರೊಸೆಸರ್. ಹತ್ತು ವರ್ಷಗಳ ಕಾಲ ಅದು ಊರಿನ ಅರ್ಧಕ್ಕರ್ಧ ಮದುವೆಗಳನ್ನು ಹೊತ್ತು ಸಾಗಿಸಿದೆ. ಆದರೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ರ ಪೋಷಣೆಯನ್ನು ನಿಲ್ಲಿಸಿತು. ಬೇಕೆಂದು ನೋಂದಾಯಿಸಿಕೊಂಡ ಮನೆಬಳಕೆಯವರಿಗೆ ಇನ್ನೊಂದು ವರ್ಷ ರಕ್ಷಣೆಯ ತಿದ್ದುಪಡಿಗಳನ್ನು ಒದಗಿಸುವುದಾಗಿ ಹೇಳಿತು. 2021ರಲ್ಲಿ ಬಂದ ವಿಂಡೋಸ್ 11ಕ್ಕೆ ಏರೋಣವೆಂದರೆ, ಅದು ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಿಂದಿನ ಪ್ರೊಸೆಸರುಗಳನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ, ಟಿಪಿಎಂ 2.0 ಎಂಬ ರಕ್ಷಣೆಯ ಚಿಪ್ಪೂ ಬೇಕೆನ್ನುತ್ತದೆ. ಹೀಗೆ, ಕಾಲು ಗಟ್ಟಿಯಿರುವ ಎತ್ತಿಗೆ ಊರಬಾಗಿಲು ಮುಚ್ಚಿದಂತಾಯಿತು.

ಹೊಸ ಯಂತ್ರಕ್ಕೆ ಹಣವೇನೋ ಇದೆ. ಹತ್ತಿ ಮಾರಿದ ಒಂದೂವರೆ ಲಕ್ಷ ರೂಪಾಯಿ ತಾಯಿಯ ಹೆಸರಿನಲ್ಲಿ ಬ್ಯಾಂಕಿನಲ್ಲಿದೆ. ಆದರೆ ಅದನ್ನು ತೆಗೆದಿಟ್ಟಿರುವುದು ಮುಂದಿನ ವರ್ಷದ ತಂಗಿಯ ಮದುವೆಗೆ. ಊರವರ ಮದುವೆಗಳನ್ನು ಚೆನ್ನಾಗಿ ಮೂಡಿಸುವುದಕ್ಕಾಗಿ ಮನೆಯ ಮದುವೆಯ ಹಣಕ್ಕೆ ಕೈಹಾಕಬೇಕಾದ ವಿಚಿತ್ರ ಸ್ಥಿತಿ ಅವನದು. ಯಂತ್ರ ಸರಿಯಾದರೆ ಎರಡು ಸುಗ್ಗಿಯಲ್ಲಿ ಹಣ ಮರಳಿ ಬಂದೀತು. ತಪ್ಪಿದರೆ ತಂಗಿಯ ಮುಖವನ್ನು ನೋಡುವುದು ಕಷ್ಟ.

ಸಲಹೆಗಾರರಿಗೆ ಯಾವ ಊರಿನಲ್ಲಿಯೂ ಬರಗಾಲವಿಲ್ಲ. ಸಿಂಧನೂರಿನ ಗೆಳೆಯನೊಬ್ಬ ಮ್ಯಾಕ್ ಕೊಂಡಿದ್ದಾನೆ. ಅದನ್ನು ಬಿಟ್ಟು ಬೇರೆಯದನ್ನು ಮುಟ್ಟುವವರು ಅವನ ದೃಷ್ಟಿಯಲ್ಲಿ ಕರುಣೆಗೆ ಪಾತ್ರರು. ಲಿಂಗಸುಗೂರಿನ ಅಂಗಡಿಯವನು ಗಾಜಿನ ಪೆಟ್ಟಿಗೆಯೊಳಗೆ ಕೆಂಪು, ನೀಲಿ ದೀಪಗಳು ಮಿನುಗುವ ಯಂತ್ರವನ್ನು ತೋರಿಸಿ, ಅದರಲ್ಲಿರುವ ಗ್ರಾಫಿಕ್ಸ್ ಕಾರ್ಡಿನ ತೂಕವನ್ನೇ ಅದರ ಗುಣವೆಂಬಂತೆ ವರ್ಣಿಸುತ್ತಾನೆ. ಎಂಜಿನಿಯರಿಂಗ್ ಓದುತ್ತಿರುವ ಸೋದರಳಿಯನು ರಜೆಗೆ ಬಂದಾಗ ಲಿನಕ್ಸ್ ಇರುವಾಗ ಹಣ ಕೊಡುವವನು ಮೂಢನೆಂದು ತೀರ್ಪು ನೀಡಿ, ಮರುದಿನ ಕಾಲೇಜಿಗೆ ಹೊರಟುಹೋಗುತ್ತಾನೆ. ಮೂವರೂ ಸುಳ್ಳು ಹೇಳುವವರಲ್ಲ. ಮೂವರೂ ತಮ್ಮ ತಮ್ಮ ಎತ್ತನ್ನು ಹೊಗಳುವವರು.

ಕೊನೆಗೆ ಒಂದು ಸಂಜೆ, ಗಣಕಯಂತ್ರದ ಗಂಧಗಾಳಿಯಿಲ್ಲದ ಕಾಕಾ ಕಟ್ಟೆಯ ಮೇಲೆ ಕುಳಿತು ಕೇಳುತ್ತಾನೆ.

“ಎಷ್ಟು ರೊಕ್ಕದ್ದು ತಮ್ಮಾ?”

“ಲಕ್ಷದ ಮ್ಯಾಲ ಆಗತೈತಿ ಕಾಕಾ.”

“ಎತ್ತಿನ ಸಂತಿಗೆ ಹೋಗೂ ಮುಂದ ಮೊದಲ ಎತ್ತು ನೋಡಬಾರದಪಾ. ನಿನ್ನ ಹೊಲ ನೋಡಬೇಕು. ಎರಿ ಹೊಲಕ್ಕ ಬ್ಯಾರೆ ಎತ್ತು, ಮಸಾರಿಗೆ ಬ್ಯಾರೆ ಎತ್ತು. ನಿನ್ನ ಹೊಲ ಯಾವುದು, ಅದನ್ನ ಹೇಳು.”

ಈ ವಿಷಯವಾಗಿ ಹೇಳಬೇಕಾದ ಮುಖ್ಯವಾದ ಮಾತು ಇಷ್ಟೇ. ಜನ ಯಂತ್ರದಿಂದ ಆರಂಭಿಸಿ ಕೆಲಸಕ್ಕೆ ಬರುತ್ತಾರೆ. ಕೆಲಸದಿಂದ ಆರಂಭಿಸಿ ಯಂತ್ರಕ್ಕೆ ಬರುವವನಿಗೆ ಅರ್ಧ ಪ್ರಶ್ನೆಗಳು ದಾರಿಯಲ್ಲೇ ಉದುರಿಹೋಗುತ್ತವೆ.

ಆ ತರುಣನ ಹೊಲವೆಂದರೆ ಅವನ ಕ್ಯಾಮರಾ ತಂದು ಸುರಿಯುವ ಚಿತ್ರರಾಶಿ. ಇಂದಿನ ಕ್ಯಾಮರಾಗಳಲ್ಲಿ 4ಕೆ ಎಂಬ ಸೂಕ್ಷ್ಮ ಚಿತ್ರಣ ಸಾಮಾನ್ಯವಾಗಿದೆ. ಸೆಕೆಂಡಿಗೆ 100 ಮೆಗಾಬಿಟ್ ವೇಗದಲ್ಲಿ ದಾಖಲಾಗುವ ಚಿತ್ರ ಒಂದು ಗಂಟೆಗೆ 45 ಗಿಗಾಬೈಟ್ ಜಾಗ ನುಂಗುತ್ತದೆ. ಎರಡು ಕ್ಯಾಮರಾಗಳು ನಾಲ್ಕು ನಾಲ್ಕು ಗಂಟೆ ದುಡಿದರೆ ಒಂದು ಮದುವೆಗೆ 360 ಗಿಗಾಬೈಟ್. ಸುಗ್ಗಿಯಲ್ಲಿ ಇಪ್ಪತ್ತು ಮದುವೆಗಳಾದರೆ 7,200 ಗಿಗಾಬೈಟ್. ಹಿಂದೆ ಮಿನಿ ಡಿವಿ ಕ್ಯಾಸೆಟ್ಟುಗಳ ಕಾಲದಲ್ಲಿ ಗಂಟೆಗೆ ಸುಮಾರು 13 ಗಿಗಾಬೈಟ್ ಇದ್ದ ಭಾರ ಈಗ ಮೂರು ಪಟ್ಟನ್ನು ಮೀರಿದೆ.

ಭಾರಕ್ಕಿಂತಲೂ ದೊಡ್ಡ ತೊಡಕು ಅದನ್ನು ಮಡಿಸಿಟ್ಟ ರೀತಿಯಲ್ಲಿದೆ. 2003ರಲ್ಲಿ ಬಂದ ಎಚ್.264, 2013ರಲ್ಲಿ ಬಂದ ಎಚ್.265 ಎಂಬ ಮಾನಕಗಳು ಪ್ರತಿಯೊಂದು ಚಿತ್ರವನ್ನೂ ಪೂರ್ತಿಯಾಗಿ ಬರೆದಿಡುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಚಿತ್ರವನ್ನಿಟ್ಟು, ನಡುವೆ ಏನೇನು ಬದಲಾಯಿತೆಂಬುದನ್ನು ಮಾತ್ರ ಗುರುತು ಹಾಕಿಕೊಳ್ಳುತ್ತವೆ. ಇದು ಕಿರಾಣಿ ಅಂಗಡಿಯ ಉದ್ರಿ ವಹಿಯಂತೆ. ಸೋಮವಾರ ಒಮ್ಮೆ ಬಾಕಿಯನ್ನು ಪೂರ್ತಿ ಬರೆದು, ಆಮೇಲೆ ದಿನದಿನದ ಸೇರು, ಪಾವುಗಳನ್ನಷ್ಟೇ ಬರೆಯುತ್ತ ಹೋದರೆ, ಶುಕ್ರವಾರದ ಬಾಕಿ ಎಷ್ಟೆಂದು ತಿಳಿಯಲು ಮತ್ತೆ ಸೋಮವಾರದಿಂದಲೇ ಕೂಡುತ್ತ ಬರಬೇಕು. ಚಿತ್ರವನ್ನು ಸುಮ್ಮನೆ ನೋಡುವವನಿಗೆ ಇದರಿಂದ ತೊಂದರೆಯಿಲ್ಲ. ಅವನು ಮುಂದಕ್ಕೇ ಹೋಗುತ್ತಾನೆ. ಸಂಕಲನಕಾರನಾದರೋ ಹಿಂದಕ್ಕೆ ಮುಂದಕ್ಕೆ ಓಡಾಡುತ್ತ, ತಾಳಿ ಕಟ್ಟಿದ ಆ ಒಂದು ಕ್ಷಣವನ್ನು ಹುಡುಕುತ್ತಾನೆ. ಅವನ ಪ್ರತಿಯೊಂದು ಹೆಜ್ಜೆಗೂ ಯಂತ್ರ ಉದ್ರಿ ವಹಿಯನ್ನು ಮೊದಲಿನಿಂದ ಕೂಡಬೇಕಾಗುತ್ತದೆ. ಹಳೆಯ ಯಂತ್ರ ತಡವರಿಸುವುದು ಇಲ್ಲಿಯೇ.

ಹೊಲವನ್ನು ನೋಡಿದ ಮೇಲೆ ಕಣವನ್ನೂ ನೋಡಬೇಕು. ಇಷ್ಟೆಲ್ಲ ಬೆಳೆದ ಫಸಲು ಕೊನೆಗೆ ಹೋಗುವುದೆಲ್ಲಿಗೆ? ಗಿರಾಕಿಯು ಒಂದು ಪೆನ್‌ಡ್ರೈವ್ ತೆಗೆದುಕೊಂಡು ಹೋಗಿ ಪಡಸಾಲೆಯ ಟಿ.ವಿ.ಗೆ ಚುಚ್ಚುತ್ತಾನೆ, ಬೀಗರಿಗೆ ಮೊಬೈಲಿನಲ್ಲಿ ತುಣುಕುಗಳನ್ನು ಕಳಿಸುತ್ತಾನೆ. ಇವೆರಡಕ್ಕೂ ಪೂರ್ಣ ಎಚ್‌ಡಿ ಸಾಕು. 4ಕೆ ಚಿತ್ರದಲ್ಲಿ ಎಚ್‌ಡಿಯ ನಾಲ್ಕರಷ್ಟು ಚುಕ್ಕೆಗಳಿರುತ್ತವೆ. ಮದುವೆಯ ಮುಖ್ಯ ಮುಹೂರ್ತವನ್ನು 4ಕೆಯಲ್ಲಿ ಹಿಡಿದು, ಆಯೇರಿ, ಊಟದ ಸಾಲುಗಳನ್ನು ಎಚ್‌ಡಿಯಲ್ಲಿ ಹಿಡಿದರೆ ಯಂತ್ರದ ಹೊರೆ ಬಹುಮಟ್ಟಿಗೆ ಇಳಿಯುತ್ತದೆ. ಸೆಕೆಂಡಿಗೆ 24 ಮೆಗಾಬಿಟ್‌ನ ಎಚ್‌ಡಿ ಗಂಟೆಗೆ 11 ಗಿಗಾಬೈಟನ್ನೂ ಮುಟ್ಟುವುದಿಲ್ಲ. ಕ್ಯಾಮರಾದ ಗುಂಡಿಯೊಂದನ್ನು ತಿರುಗಿಸಿ ಉಳಿಸಬಹುದಾದ ಹಣವನ್ನು ಅಂಗಡಿಯವನಿಗೆ ಕೊಡಬೇಕಾದ ಅಗತ್ಯವಿಲ್ಲ.

ಇನ್ನೂ ಒಂದು ಉಪಾಯವಿದೆ. ಅದಕ್ಕೆ ಪ್ರಾಕ್ಸಿ ಎಂಬ ಹೆಸರು. ದೊಡ್ಡ ಚಿತ್ರಗಳ ಸಣ್ಣ, ಹಗುರ ಪ್ರತಿಗಳನ್ನು ಯಂತ್ರವೇ ರಾತ್ರಿ ಮಾಡಿಟ್ಟುಕೊಳ್ಳುತ್ತದೆ. ಸಂಕಲನವೆಲ್ಲ ಆ ಸಣ್ಣ ಪ್ರತಿಗಳ ಮೇಲೆ ನಡೆದು, ಕಟ್ಟಕಡೆಗೆ ಮೂಲಚಿತ್ರಗಳಿಂದ ಸಿದ್ಧರೂಪ ಹೊರಬರುತ್ತದೆ. ಈ ಸೌಲಭ್ಯ ಪ್ರಿಮಿಯರ್, ರಿಸಾಲ್ವ್, ಎಡಿಯಸ್, ಕೆಡೆನ್‌ಲೈವ್ ಮೊದಲಾದ ಎಲ್ಲ ಮುಖ್ಯ ತಂತ್ರಾಂಶಗಳಲ್ಲಿಯೂ ಇದೆ. ಹಳೆಯ ಯಂತ್ರ ಸತ್ತೇಹೋಯಿತೆಂದು ತಿಳಿದವರು ಈ ಉಪಾಯದಿಂದ ಅದನ್ನು ಇನ್ನೆರಡು ಸುಗ್ಗಿ ದುಡಿಸಿದ್ದುಂಟು.

ಹೊಲ, ಕಣಗಳ ತರುವಾಯ ತಂತ್ರಾಂಶ. ಅದರ ಬೆನ್ನಿಗೆ ಆಪರೇಟಿಂಗ್ ಸಿಸ್ಟಮ್. ಈ ಎರಡನೆಯದನ್ನು ಪ್ರತ್ಯೇಕವಾಗಿ ಆರಿಸಲು ಹೊರಡುವುದೇ ವೃಥಾಶ್ರಮ. ಮದುವೆಯ ಕಸಬಿನಲ್ಲಿ ಬಹಳ ಬಳಕೆಯಲ್ಲಿರುವ ಎಡಿಯಸ್ ವಿಂಡೋಸ್ ಮೇಲೆ ಮಾತ್ರ ಓಡುತ್ತದೆ. ಆಪಲ್ ಸಂಸ್ಥೆಯ ಫೈನಲ್ ಕಟ್ ಪ್ರೊ ಆ ಸಂಸ್ಥೆಯದೇ ಯಂತ್ರಗಳನ್ನು ಬಿಟ್ಟು ಹೊರಗೆ ಕಾಲಿಡುವುದಿಲ್ಲ. ಅಡೋಬಿಯ ಪ್ರಿಮಿಯರ್ 1991ರಲ್ಲಿ ಮೆಕಿಂಟಾಷ್ ಮೇಲೆ ಹುಟ್ಟಿತು. ಈಗ ಮ್ಯಾಕ್ ಮತ್ತು ವಿಂಡೋಸ್ ಎರಡರಲ್ಲಿಯೂ ಇದೆ, ಲಿನಕ್ಸ್‌ನಲ್ಲಿ ಇಲ್ಲ. 2013ರಿಂದ ಈಚೆಗೆ ಅದರ ಹೊಸ ಆವೃತ್ತಿಗಳಿಗೆ ಚಂದಾ ಕಟ್ಟುತ್ತಲೇ ಇರಬೇಕು. ಸುಗ್ಗಿ ಇರಲಿ ಇಲ್ಲದಿರಲಿ ಬಾಡಿಗೆ ತಪ್ಪದು. ಡಾವಿಂಚಿ ರಿಸಾಲ್ವ್ ಮೂರೂ ವ್ಯವಸ್ಥೆಗಳಲ್ಲಿದೆ. ಅದಕ್ಕೊಂದು ಉಚಿತ ಆವೃತ್ತಿಯೂ, ಒಮ್ಮೆ ಹಣ ಕೊಟ್ಟು ಕೊಳ್ಳುವ ಇನ್ನೊಂದು ಆವೃತ್ತಿಯೂ ಇವೆ. ಕೆಡೆನ್‌ಲೈವ್ 2002ರಲ್ಲಿ ಲಿನಕ್ಸ್ ಬಳಗದಲ್ಲಿ ಆರಂಭವಾದದ್ದು. ಪೂರ್ತಿ ಉಚಿತ, ಪೂರ್ತಿ ಮುಕ್ತ.

ಸೋದರಳಿಯನ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಹಳೆಯ ಯಂತ್ರಗಳನ್ನು ಹೀನಾಯವಾಗಿ ಕಾಣುವುದಿಲ್ಲ. ವಿಂಡೋಸ್ 11 ಹೊರದೂಡಿದ ಯಂತ್ರದ ಮೇಲೂ ಅದು ಸುಖವಾಗಿ ನೆಲಸುತ್ತದೆ. ರಕ್ಷಣೆಯ ತಿದ್ದುಪಡಿಗಳೂ ಬರುತ್ತಿರುತ್ತವೆ. ಆದರೆ ಕೆಲಸಕ್ಕೆ ಕುಳಿತವನಿಗೆ ಮುಳ್ಳುಗಳೂ ಸಿಗುತ್ತವೆ. ಲಿನಕ್ಸ್ ಮೇಲಿನ ರಿಸಾಲ್ವ್‌ನ ಉಚಿತ ಆವೃತ್ತಿ ಅನೇಕ ವರ್ಷಗಳ ಕಾಲ ಎಚ್.264 ಚಿತ್ರಗಳನ್ನು ತೆರೆಯುತ್ತಲೇ ಇರಲಿಲ್ಲ. ಕ್ಯಾಮರಾದಿಂದ ಬಂದದ್ದನ್ನೆಲ್ಲ ಬೇರೊಂದು ರೂಪಕ್ಕೆ ಪರಿವರ್ತಿಸಬೇಕಾಗುತ್ತಿತ್ತು. ಆಗ ಅವುಗಳ ಗಾತ್ರ ಹಲವು ಪಟ್ಟು ಊದಿಕೊಳ್ಳುತ್ತಿತ್ತು. ಕೆಡೆನ್‌ಲೈವ್‌ಗೆ ಆ ತೊಡಕಿಲ್ಲ. ಆದರೆ ಮದುವೆಯ ಆಲ್ಬಮ್ ಮಾಡುವ ಪಾಲುದಾರನು ಫೋಟೋಶಾಪ್‌ನಲ್ಲಿ ಕೆಲಸ ಮಾಡುವವನಾದರೆ, ಅದು ಲಿನಕ್ಸ್ ಮೇಲೆ ಬರುವುದಿಲ್ಲ. ಒಬ್ಬಂಟಿಯಾಗಿ ದುಡಿಯುವವನು ಲಿನಕ್ಸ್ ಹಿಡಿದು ಹಾಯಾಗಿರಬಹುದು. ನಾಲ್ಕು ಜನರೊಡನೆ ಕಡತಗಳನ್ನು ಹಂಚಿಕೊಂಡು ದುಡಿಯುವವನು ಆ ನಾಲ್ವರನ್ನೂ ಕೇಳಿಯೇ ಹೆಜ್ಜೆಯಿಡಬೇಕು.

ಇಲ್ಲಿ ಕನ್ನಡಿಗನಿಗೆ ಮಾತ್ರ ಎದುರಾಗುವ ಇನ್ನೊಂದು ಪ್ರಶ್ನೆಯಿದೆ. ಚಿತ್ರದ ಮೊದಲಿಗೆ ವಧೂವರರ ಹೆಸರು ಮೂಡಬೇಕು. ಮದುಮಗಳ ಹೆಸರು ಲಕ್ಷ್ಮಿಯೆಂದಿರಲಿ. ಒತ್ತಕ್ಷರಗಳನ್ನು ಕೂಡಿಸಲರಿಯದ ತಂತ್ರಾಂಶದಲ್ಲಿ ಅದು ‘ಲಕ್‌ಷ್‌ಮಿ’ ಎಂದು ಮೂರು ತುಂಡಾಗಿ ನಿಲ್ಲುತ್ತದೆ. ಹಂದರದ ಹೊರಗೆ ಮಾವಿನ ತೋರಣದಡಿ ಚೆಂದಾಗಿ ಬರೆಸಿದ ಹೆಸರು ಪರದೆಯ ಮೇಲೆ ಕೈಕಾಲು ಮುರಿದುಕೊಂಡಂತೆ ಕಂಡರೆ, ತಾಯಿಯ ಕರುಳು ಸುಮ್ಮನಿದ್ದೀತೆ? “ನನ್ನ ಮಗಳ ಹೆಸರು ಹಿಂಗ್ಯಾಕ ಮುರದೈತಿ?” ಎಂದು ಆಕೆ ಕೇಳಿದರೆ, ತಂತ್ರಾಂಶವು ಹೊರದೇಶದ್ದು ಎಂಬುದು ಉತ್ತರವಾಗದು. ಪ್ರಿಮಿಯರ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆಂದೇ ಇರುವ ಆಯ್ಕೆಯೊಂದನ್ನು ಆನ್ ಮಾಡಿದರೆ ಒತ್ತುಗಳು ಕೂಡುತ್ತವೆ. ಹಲವರಿಗೆ ಅದು ಇರುವುದೇ ಗೊತ್ತಿರುವುದಿಲ್ಲ. ಅನೇಕ ಸ್ಟುಡಿಯೋಗಳು ನುಡಿ, ಬರಹಗಳ ಹಳೆಯ ಫಾಂಟುಗಳಿಂದ ಈ ಕೆಲಸವನ್ನು ಸಾಗಿಸಿಕೊಂಡು ಬಂದಿವೆ; ಅವು ವಿಂಡೋಸ್‌ನ ಒಡನಾಡಿಗಳು. ಕೆಡೆನ್‌ಲೈವ್ ಯೂನಿಕೋಡ್ ಕನ್ನಡವನ್ನು ಒತ್ತುಸಹಿತ ಸರಿಯಾಗಿ ಕೂಡಿಸುತ್ತದೆ. ಆದ್ದರಿಂದ ಯಾವ ತಂತ್ರಾಂಶವನ್ನೇ ಆಗಲಿ, ಹಣ ಕೊಡುವ ಮುನ್ನ ಅದರಲ್ಲಿ ‘ಲಕ್ಷ್ಮಿ’ ಎಂದೊಮ್ಮೆ ಬರೆದು ನೋಡುವುದು ಒಳ್ಳೆಯದು. ಇದಕ್ಕೆ ಎರಡು ನಿಮಿಷವೂ ಹಿಡಿಯದು.

ಕದ್ದ ತಂತ್ರಾಂಶದ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಬೀಗ ಮುರಿದ ಪ್ರತಿಗಳು ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಊರೂರು ಸುತ್ತುತ್ತಿರುತ್ತವೆ. ನ್ಯಾಯಾನ್ಯಾಯದ ವಿಚಾರ ಒತ್ತಟ್ಟಿಗಿರಲಿ. ಬೀಗ ಮುರಿದವನು ಬಾಗಿಲಲ್ಲಿ ಏನನ್ನು ಬಿಟ್ಟುಹೋದನೆಂದು ಬಲ್ಲವರಾರು? ಕಡತಗಳನ್ನೆಲ್ಲ ಗೂಢಲಿಪಿಗೆ ತಿರುಗಿಸಿ, ಬಿಡಿಸಲು ಹಣ ಕೇಳುವ ದುಷ್ಟ ತಂತ್ರಾಂಶಗಳು ಇಂಥ ಬಾಗಿಲುಗಳಿಂದಲೇ ನುಸುಳುತ್ತವೆ. ಉಚಿತವಾದ, ನ್ಯಾಯವಾದ ಎರಡು ಮೂರು ತಂತ್ರಾಂಶಗಳು ಕಣ್ಣೆದುರಿಗಿರುವಾಗ, ಇತರರ ಮದುವೆಯನ್ನು ಒತ್ತೆಯಿಟ್ಟು ಜೂಜಾಡುವುದು ಸಲ್ಲದು.

ಈಗ ಯಂತ್ರಾಂಗಗಳ ಸರದಿ. ಇಲ್ಲಿಯೂ ದೀಪಗಳ ಮಿನುಗಿಗಿಂತ ಅಂಗಗಳ ಗುಣ ಮುಖ್ಯ. ಇಂಟೆಲ್ ಸಂಸ್ಥೆ 2011ರಲ್ಲಿ ತನ್ನ ಪ್ರೊಸೆಸರುಗಳೊಳಗೇ ಕ್ವಿಕ್ ಸಿಂಕ್ ಎಂಬ ಸಣ್ಣ ಘಟಕವನ್ನು ಸೇರಿಸಿತು. ಮೇಲೆ ಹೇಳಿದ ಉದ್ರಿ ವಹಿಯನ್ನು ಬರೆಯುವುದು, ಬಿಡಿಸುವುದು ಅದರ ಕಸಬು. ಎಡಿಯಸ್‌ನಂಥ ತಂತ್ರಾಂಶ ಅದನ್ನು ಚೆನ್ನಾಗಿ ದುಡಿಸಿಕೊಳ್ಳುತ್ತದೆ. ಹೆಸರಿನ ಕೊನೆಗೆ ‘ಎಫ್’ ಎಂಬ ಅಕ್ಷರವಿರುವ ಪ್ರೊಸೆಸರುಗಳು ತುಸು ಅಗ್ಗ. ಆದರೆ ಅವುಗಳಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ, ಆದ್ದರಿಂದ ಆ ಘಟಕವೂ ದೊರೆಯುವುದಿಲ್ಲ. ಅಗ್ಗವೆಂದು ಕೊಂಡ ಎತ್ತಿಗೆ ಒಂದು ಕಣ್ಣಿಲ್ಲವೆಂದು ಮನೆಗೆ ಬಂದಮೇಲೆ ತಿಳಿದಂತೆ. ಬಣ್ಣದ ವಿವರವನ್ನು ಹೆಚ್ಚಾಗಿ ಹಿಡಿದಿಡುವ 10 ಬಿಟ್ 4:2:2 ಬಗೆಯ ಎಚ್.265 ಚಿತ್ರಗಳನ್ನು ಇಂಟೆಲ್‌ನ ಹನ್ನೊಂದನೆಯ ಪೀಳಿಗೆಯಿಂದೀಚಿನ ಒಳಗ್ರಾಫಿಕ್ಸ್ ಬಿಡಿಸಬಲ್ಲುದಾಗಿತ್ತು. ಎನ್‌ವಿಡಿಯಾದ ಭಾರಿ ಬೆಲೆಯ ಕಾರ್ಡುಗಳಿಗೆ ಆ ಶಕ್ತಿ ಬಂದದ್ದು 2025ರ 50ರ ಸರಣಿಯಲ್ಲಿ. ಹಾಗೆಂದು ಗ್ರಾಫಿಕ್ಸ್ ಕಾರ್ಡು ವ್ಯರ್ಥವೆಂದಲ್ಲ. ರಿಸಾಲ್ವ್ ಹಿಡಿದು ಬಣ್ಣ ತಿದ್ದುವವನಿಗೆ, ಕತ್ತಲೆಯ ಚಿತ್ರದಲ್ಲಿನ ಕಾಳುಕಾಳನ್ನು ತೊಡೆಯುವವನಿಗೆ ಅದು ಬೇಕೇ ಬೇಕು. ಯಾವ ತಂತ್ರಾಂಶವೆಂದು ತಿಳಿಯದೆ ಕಾರ್ಡು ಕೊಳ್ಳಬಾರದೆಂಬುದಷ್ಟೇ ಇಲ್ಲಿನ ತಾತ್ಪರ್ಯ.

ಮೆಮೊರಿ 16 ಗಿಗಾಬೈಟಿಗಿಂತ ಕಡಿಮೆಯಿರಬಾರದು. 32 ಇದ್ದರೆ 4ಕೆ ಕೆಲಸ ನಿರಾಳವಾಗಿ ಸಾಗುತ್ತದೆ. ಮೇಜಿನ ಮೇಲಿಡುವ ಸಾಮಾನ್ಯ ಯಂತ್ರದಲ್ಲಿ ಮೊದಲು 16 ಹಾಕಿಸಿ, ಮುಂದೆ ಕೈಕೂಡಿದಾಗ ಇನ್ನಷ್ಟು ಸೇರಿಸಬಹುದು. 2020ರ ನವೆಂಬರಿನಲ್ಲಿ ಬಂದ ಎಂ1 ಚಿಪ್ಪಿನಿಂದ ಮೊದಲ್ಗೊಂಡು ಆಪಲ್ ತನ್ನದೇ ಚಿಪ್ಪುಗಳಿಂದ ಕಟ್ಟಿದ ಮ್ಯಾಕ್‌ಗಳಲ್ಲಿ ಈ ಸೌಕರ್ಯವಿಲ್ಲ. ಆ ಯಂತ್ರಗಳು ಸ್ವಲ್ಪ ವಿದ್ಯುತ್ತಿನಲ್ಲಿ ಬಹಳ ದುಡಿಯುತ್ತವೆ ಎಂಬುದು ನಿಜ. ಸಿಂಧನೂರಿನ ಗೆಳೆಯನ ಅಭಿಮಾನಕ್ಕೆ ಆಧಾರವಿದೆ. ಆದರೆ ಕೊಂಡ ದಿನ ಎಷ್ಟು ಮೆಮೊರಿಯೋ ಕೊನೆಯವರೆಗೂ ಅಷ್ಟೇ. 2024ರ ನವೆಂಬರಿನಲ್ಲಿ ಬಂದ ಮ್ಯಾಕ್ ಮಿನಿಯ ಮೊದಲ ಮಾದರಿಯಲ್ಲಿ ಸಂಗ್ರಹಕ್ಕೆ ಇದ್ದದ್ದು 256 ಗಿಗಾಬೈಟ್. ಮೇಲಿನ ಲೆಕ್ಕದ ಒಂದು 4ಕೆ ಮದುವೆಯೂ ಅದರಲ್ಲಿ ಹಿಡಿಸದು. ಹೊರಗಿನಿಂದ ಡಿಸ್ಕ್ ಜೋಡಿಸಿಕೊಳ್ಳಬೇಕು. ಜೊತೆಗೆ, ಕೆಟ್ಟಾಗ ಬಿಚ್ಚಿ ನೋಡಬಲ್ಲವರು ಹತ್ತಿರದಲ್ಲಿ ಯಾರಿದ್ದಾರೆಂಬುದನ್ನೂ ವಿಚಾರಿಸಿಕೊಳ್ಳಬೇಕು.

ರಾಯಚೂರಿನ ಸೀಮೆಗೆ ಸೇರಿದ ಎರಡು ವಿಶೇಷ ಪರೀಕ್ಷೆಗಳಿವೆ. ಮೊದಲನೆಯದು ಬಿಸಿಲು. ಲಗ್ನದ ಸುಗ್ಗಿಯೂ ಸೂರ್ಯನ ಸುಗ್ಗಿಯೂ ಒಂದೇ ತಿಂಗಳುಗಳಲ್ಲಿ ಬರುತ್ತವೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿಯ ಬಿಸಿ 40 ಡಿಗ್ರಿಯನ್ನು ದಾಟುವುದು ವಾಡಿಕೆ. ಪ್ರೊಸೆಸರು ಮಿತಿಮೀರಿ ಕಾದರೆ ತನ್ನನ್ನು ಕಾಪಾಡಿಕೊಳ್ಳಲು ತಾನಾಗಿಯೇ ವೇಗ ತಗ್ಗಿಸುತ್ತದೆ. ಗಾಜಿನ ಪೆಟ್ಟಿಗೆಯ ಅಂದಕ್ಕಿಂತ ಗಾಳಿಯಾಡುವ ಜಾಲರಿ, ಧೂಳು ಒರೆಸುವ ಅಭ್ಯಾಸ ಇಲ್ಲಿ ಹೆಚ್ಚು ಉಪಕಾರಿ. ಎರಡನೆಯದು ವಿದ್ಯುತ್ತು. ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರ 1985ರಿಂದ ನಾಡಿಗೆಲ್ಲ ಬೆಳಕು ಕೊಡುತ್ತಿದ್ದರೂ, ದೀಪದ ಬುಡದಲ್ಲಿ ಕತ್ತಲೆಯೆಂಬ ಮಾತು ಅದೇ ಜಿಲ್ಲೆಯ ಹಳ್ಳಿಗಳ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ಡಿಸ್ಕಿನ ಮೇಲೆ ಬರೆಯುತ್ತಿರುವಾಗ ಕರೆಂಟು ಹೋದರೆ ಕಡತವೇ ಕೆಡಬಹುದು. ಕೆಲಸ ಉಳಿಸಿ, ಯಂತ್ರ ನಿಲ್ಲಿಸುವಷ್ಟು ಹೊತ್ತು ಕೊಡುವ ಯುಪಿಎಸ್ ಇಲ್ಲದೆ ಎಂಥ ಯಂತ್ರವೂ ಅಪೂರ್ಣ.

ಎಲ್ಲಕ್ಕಿಂತ ಕೊನೆಗೆ ನೆನಪಾಗುವುದೂ, ಎಲ್ಲಕ್ಕಿಂತ ಮೊದಲು ಹಣ ಎತ್ತಿಡಬೇಕಾದದ್ದೂ ಒಂದೇ, ಅದು ಪ್ರತಿ. ಈ ಪಾಠಕ್ಕೆ ದೂರ ಹೋಗಬೇಕಾಗಿಲ್ಲ. ಸಂತೆಕಲ್ಲೂರು ಸೇರಿರುವ ಮಸ್ಕಿಯಲ್ಲಿಯೇ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವರ ಕಣ್ಣಿಗೆ ಅಶೋಕನ ಶಾಸನ ಬಿತ್ತು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿತ್ತೇ ಹೊರತು ಹೆಸರಿರಲಿಲ್ಲ. ಮಸ್ಕಿಯ ಬಂಡೆಯಲ್ಲಿ ಬಿರುದಿನೊಡನೆ ಅಶೋಕನೆಂಬ ಹೆಸರೂ ಇತ್ತು. ಮುಂದೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೋಳಗಳಲ್ಲಿಯೂ ಆ ಹೆಸರು ಸಿಕ್ಕಿತು. ಒಂದೇ ಸಂದೇಶವನ್ನು ಆ ಅರಸು ಮಸ್ಕಿಯಲ್ಲಿ, ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ, ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬೇರೆ ಬೇರೆಯಾಗಿ ಕೊರೆಯಿಸಿದ್ದ. ಕಲ್ಲಿನಂಥ ಕಲ್ಲಿನ ಮೇಲೆ ಬರೆಸಿದವನೇ ಒಂದು ಪ್ರತಿಯನ್ನು ನೆಚ್ಚಿ ಕೂರಲಿಲ್ಲ. ತಿರುಗುವ ತಟ್ಟೆಯ ಮೇಲೆ ಊರವರ ಮದುವೆಗಳನ್ನು ಬರೆದಿಡುವವನು ಒಂದೇ ಡಿಸ್ಕನ್ನು ನೆಚ್ಚುವುದುಂಟೆ? ಒಂದು ಪ್ರತಿ ಸ್ಟುಡಿಯೋದಲ್ಲಿ, ಇನ್ನೊಂದು ಮನೆಯ ಟ್ರಂಕಿನಲ್ಲಿ ಇದ್ದರೆ ಬೆಂಕಿಗೂ ಕಳ್ಳನಿಗೂ ಎರಡು ಮನೆ ತಿರುಗುವ ಕೆಲಸವಾಗುತ್ತದೆ.

ಹೀಗೆ ಹೊಲದಿಂದ ಹೊರಟವನು ಎತ್ತಿನ ಬಳಿಗೆ ಬಂದು ಮುಟ್ಟಿದಾಗ ಆಯ್ಕೆ ತಾನಾಗಿ ಸರಳವಾಗಿರುತ್ತದೆ. ಆ ತರುಣನ ಕೈ ಎಡಿಯಸ್‌ಗೆ ಪಳಗಿದೆ. ಆಲ್ಬಮ್ ಮಾಡುವ ಪಾಲುದಾರ ಫೋಟೋಶಾಪ್‌ನವನು. ಹೆಸರುಗಳನ್ನು ಬರೆಯುವುದು ನುಡಿಯಲ್ಲಿ. ಆದ್ದರಿಂದ ಅವನಿಗೆ ವಿಂಡೋಸ್ 11, ಒಳಗ್ರಾಫಿಕ್ಸ್ ಇರುವ ಇತ್ತೀಚಿನ ಪ್ರೊಸೆಸರು, 32 ಗಿಗಾಬೈಟ್ ಮೆಮೊರಿ, ನಡೆಯುತ್ತಿರುವ ಕೆಲಸಕ್ಕೆ ವೇಗದ ಎಸ್‌ಎಸ್‌ಡಿ ಸಾಕು. ದೀಪದ ಪೆಟ್ಟಿಗೆಯೂ ತೂಕದ ಗ್ರಾಫಿಕ್ಸ್ ಕಾರ್ಡೂ ಪಟ್ಟಿಯಿಂದ ಹೊರಬೀಳುತ್ತವೆ. ಅಲ್ಲಿ ಉಳಿದ ಹಣದಲ್ಲಿ ಎರಡು ದೊಡ್ಡ ಹಾರ್ಡ್ ಡಿಸ್ಕುಗಳು, ಒಂದು ಯುಪಿಎಸ್. ಹಳೆಯ ಯಂತ್ರಕ್ಕೆ ಸೋದರಳಿಯನ ಕೈಯಿಂದಲೇ ಲಿನಕ್ಸ್ ಹಾಕಿಸಿದರೆ, ಅದು ಪ್ರತಿಗಳನ್ನು ಕಾಯುವ ಮುದಿ ಆಳಾಗಿ ಮೂಲೆಯಲ್ಲಿ ಕುಳಿತಿರುತ್ತದೆ. ಇನ್ನೂ ಒಂದಿಷ್ಟು ಹಣ ಬ್ಯಾಂಕಿನಲ್ಲಿಯೇ ತಂಗಿಯ ಹೆಸರು ಹಿಡಿದು ಉಳಿಯುತ್ತದೆ. ಬೇರೊಬ್ಬನ ಹೊಲ ಬೇರೆ. ಒಬ್ಬನೇ ದುಡಿಯುವ, ಫೈನಲ್ ಕಟ್ ಬಲ್ಲ ಹುಡುಗನಿಗೆ ಮ್ಯಾಕ್ ಸರಿಹೋದೀತು. ಕೈಯಲ್ಲಿ ಕಾಸಿಲ್ಲದೆ ಕಲಿಯಲು ಹೊರಟವನಿಗೆ ಹಳೆಯ ಯಂತ್ರ, ಲಿನಕ್ಸ್, ಕೆಡೆನ್‌ಲೈವ್ ಇವೇ ಮೊದಲ ಗುರುಗಳಾದಾರು. ಬಣ್ಣದ ಕೆಲಸದಲ್ಲಿಯೇ ಹೆಸರು ಮಾಡಹೊರಟವನು ಅಂಗಡಿಯವನ ಆ ದೊಡ್ಡ ಕಾರ್ಡನ್ನೇ ಹುಡುಕಿಕೊಂಡು ಹೋಗಬೇಕಾದೀತು.

ಮದುವೆಯ ವೀಡಿಯೋಕ್ಕೆ ಇಷ್ಟು ಚರ್ಚೆಯೇಕೆಂದು ನಗುವವರುಂಟು. ಮದುವೆಯಾದ ಹೊಸತರಲ್ಲಿ ಎರಡು ಸಲ ನೋಡಿ ಕಪಾಟಿನಲ್ಲಿ ಎತ್ತಿಡುವ ವಸ್ತು ಅದೆಂಬುದು ಸುಳ್ಳಲ್ಲ. ಆದರೆ ಸ್ಟುಡಿಯೋ ನಡೆಸುವವರಿಗೆ ಇನ್ನೊಂದು ಬಗೆಯ ಗಿರಾಕಿ ಗೊತ್ತು. ಏಳೆಂಟು ವರ್ಷಗಳ ತರುವಾಯ ಒಂದು ಮಧ್ಯಾಹ್ನ ಯಾರೋ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಪೆನ್‌ಡ್ರೈವ್ ಎಲ್ಲೋ ಕಳೆದಿರುತ್ತದೆ. ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡಿರುತ್ತಾರೆ. ಗೋಡೆಗೆ ತೂಗುಹಾಕಿದ ಪಟದಲ್ಲಿ ಅವರು ನೆಟ್ಟಗೆ ನಿಂತಿದ್ದಾರೆ, ಮಾತಿಲ್ಲ. ಆ ಮದುವೆಯ ಚಿತ್ರದಲ್ಲಿಯಾದರೆ ಅವರು ನಡೆದಾಡುತ್ತಾರೆ, ಬೀಗರನ್ನು ಕೈಹಿಡಿದು ಪಂಕ್ತಿಗೆ ಕರೆಯುತ್ತಾರೆ, ಯಾವುದೋ ಮಾತಿಗೆ ಗಹಗಹಿಸಿ ನಗುತ್ತಾರೆ.

“ನಮ್ಮಪ್ಪ ನಕ್ಕಿದ್ದು ಅದರಾಗ ಒಂದ ಕಡೆ ಐತ್ರಿ. ಅದಷ್ಟು ಸಿಗತೈತೇನ್ರಿ?”

ಆಗ ಯಾವ ಸಂಸ್ಥೆಯ ಯಂತ್ರ, ಯಾವ ವ್ಯವಸ್ಥೆ, ಎಷ್ಟು ವೇಗವೆಂದು ಯಾರೂ ಕೇಳುವುದಿಲ್ಲ. ವರ್ಷವನ್ನೂ ಹೆಸರನ್ನೂ ಬರೆದ ಚೀಟಿ ಹಚ್ಚಿದ ಡಿಸ್ಕೊಂದು ಕಪಾಟಿನಿಂದ ಹೊರಬಂದು, ತಂತಿ ಸಿಕ್ಕಿಸಿದೊಡನೆ ತೆರೆದುಕೊಂಡು, ಆ ನಗು ಸ್ಟುಡಿಯೋದ ಸಣ್ಣ ಕೋಣೆಯಲ್ಲಿ ಮತ್ತೊಮ್ಮೆ ಕೇಳಿಸಿದರೆ ಆಯಿತು. ಬಂದವರು ನಾಲ್ಕು ನಿಮಿಷ ಸುಮ್ಮನೆ ನೋಡುತ್ತಾರೆ. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಎಷ್ಟು ಕೊಡಬೇಕೆಂದು ಕೇಳುತ್ತಾರೆ. ಅಂಥ ಹೊತ್ತಿನಲ್ಲಿ ಹಣ ತೆಗೆದುಕೊಳ್ಳುವ ಸ್ಟುಡಿಯೋದವನು ಆ ಸೀಮೆಯಲ್ಲಿ ಅಪರೂಪ.